ಆಷಾಢದಲ್ಲಿ ಮನೆ ನೋಡಿ: ಕಾರವಾರದಲ್ಲಿ ಬಾಡಿಗೆಗೆ, ಖರೀದಿಗೆ ಮನೆ ಹುಡುಕುವ ಬಗೆ

ಕಾರವಾರದಲ್ಲಿ ನಾನು ಹಿಡಿದ ಮೊದಲ ಬಾಡಿಗೆ ಮನೆಯನ್ನು ನೋಡಿದ್ದು ಏಪ್ರಿಲ್‌ನಲ್ಲಿ. ಹೊಸದಾಗಿ ಬಣ್ಣ ಹೊಡೆದ ಬಿಳಿ ಗೋಡೆ, ಪಶ್ಚಿಮಕ್ಕೆ ದೊಡ್ಡ ಕಿಟಕಿ, ಸಂಜೆಯಾದರೆ ಸಮುದ್ರದ ಗಾಳಿ. ಹತ್ತೇ ನಿಮಿಷದಲ್ಲಿ ಅಡ್ವಾನ್ಸ್ ಕೊಟ್ಟು ಬಂದೆ. ಜುಲೈ ಎರಡನೇ ವಾರ ಅದೇ ಕಿಟಕಿಯಿಂದ ಮಳೆ ಅಡ್ಡಡ್ಡ ಒಳಗೆ ಬಂತು. ಗೋಡೆ ನೆಲದಿಂದ ಮೂರಡಿ ಎತ್ತರದವರೆಗೆ ಕಪ್ಪಗಾಯಿತು, ಕಪಾಟಿನಲ್ಲಿ ಮಡಚಿಟ್ಟ ಶರ್ಟುಗಳಿಗೆ ಬೂಸು ಹಿಡಿಯಿತು. ಮನೆಯೊಡತಿಗೆ ಹೇಳಿದರೆ, "ಯಾಕೆ ಮಾಸ್ತರೆ, ನಿಮ್ಮ ಶಿರಸಿಯಲ್ಲಿ ಮಳೆ ಬರೂದಿಲ್ವಾ?" ಎಂದು ಕೇಳಿದರು. ಬರ್ತದೆ ಬಾಯಿ, ಆದರೆ ಅಡ್ಡ ಬರೂದಿಲ್ಲ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿಯಾಗಿತ್ತು.

ಆಮೇಲೆ ಮೂರು ಮನೆ ಬದಲಿಸಿದೆ, ಕೊನೆಗೆ ಒಂದು ಮನೆ ಕೊಂಡೆ. ಅಷ್ಟು ಓಡಾಟದಲ್ಲಿ ಕಲಿತ ಮುಖ್ಯ ಸಂಗತಿ ಇದು: ಈ ಊರಿನಲ್ಲಿ ಒಂದು ಮನೆಯನ್ನು ಎರಡು ಸಲ ನೋಡಬೇಕು. ಒಮ್ಮೆ ಆಷಾಢದ ಮಳೆಯಲ್ಲಿ, ಇನ್ನೊಮ್ಮೆ ಮೇ ತಿಂಗಳ ಬಿಸಿಲಲ್ಲಿ ಬಾವಿಯ ನೀರು ಕುಡಿದು. ಎರಡಕ್ಕೂ ಕಾಯುವಷ್ಟು ವ್ಯವಧಾನ ಇಲ್ಲದವರು ಆಷಾಢವನ್ನೇ ಆರಿಸಿಕೊಳ್ಳಿ. ಆ ತಿಂಗಳಲ್ಲಿ ಮನೆ ಬದಲಿಸುವವರು ಕಡಿಮೆ, ಹಾಲು ಉಕ್ಕಿಸುವವರಂತೂ ಇಲ್ಲವೇ ಇಲ್ಲ. ಹಾಗಾಗಿ ಖಾಲಿ ಮನೆಯ ಮಾಲೀಕರು ಬಾಡಿಗೆ ಇಳಿಸುವ ಮಾತಿಗೆ ಕಿವಿಗೊಡುತ್ತಾರೆ. ಮನೆ ತನ್ನ ನಿಜ ಬಣ್ಣ ತೋರಿಸುವುದೂ ಆಗಲೇ.

ಕೆಲಸ ಎಲ್ಲಿ, ಮನೆ ಎಲ್ಲಿ

ಕಾರವಾರ ಸಣ್ಣ ಊರು. ಆದರೆ ಅದರ ಸುತ್ತ ಇರುವ ಉದ್ಯಮಗಳು ಸಣ್ಣವಲ್ಲ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ, 700 ಮೆಗಾವಾಟ್‌ನ ಇನ್ನೆರಡರ ಯೋಜನೆಯಿದೆ. ಅರಗಾದಲ್ಲಿ ಸೀಬರ್ಡ್ ಯೋಜನೆಯ ನೌಕಾನೆಲೆ ಐಎನ್‌ಎಸ್ ಕದಂಬ 2005ರಿಂದ ಕೆಲಸ ಮಾಡುತ್ತಿದೆ. ಬೈತಖೋಲದಲ್ಲಿ ಬಂದರು, ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ, ಊರೊಳಗೆ ವೈದ್ಯಕೀಯ ಕಾಲೇಜು. ಜಿಲ್ಲಾ ಕೇಂದ್ರವಾದ್ದರಿಂದ ಸರ್ಕಾರಿ ನೌಕರರೂ ವರ್ಗವಾಗಿ ಬಂದು ಹೋಗುತ್ತಿರುತ್ತಾರೆ. ಬಾಡಿಗೆ ಏರುವುದು ಇಳಿಯುವುದು ಇವರ ಬರಹೋಗುವಿಕೆಯ ಮೇಲೆ. ಎಲ್ಲಾದರೂ ದೊಡ್ಡ ಕಾಮಗಾರಿ ಶುರುವಾದರೆ ಗುತ್ತಿಗೆ ಕಂಪನಿಯವರು ಸುತ್ತಲಿನ ಮನೆಗಳನ್ನು ಒಟ್ಟಿಗೇ ಹಿಡಿಯುತ್ತಾರೆ, ಆ ಬೀದಿಯಲ್ಲಿ ಆಮೇಲೆ ಸಂಸಾರಸ್ಥರಿಗೆ ಮನೆ ಸಿಗುವುದಿಲ್ಲ.

ಮೊದಲು ನೀವು ದಿನಾ ಹೋಗಬೇಕಾದ ಜಾಗದ ಲೆಕ್ಕ ಹಾಕಿ. ಕೈಗಾ ಕೆಲಸದವರಿಗೆ ಟೌನ್‌ಶಿಪ್ ಇರುವ ಮಲ್ಲಾಪುರ, ಕದ್ರಾ ಕಡೆಯೇ ಸಲೀಸು. ಮಕ್ಕಳ ಕಾಲೇಜು, ಆಸ್ಪತ್ರೆ ಎಂದು ಕಾರವಾರದಲ್ಲಿ ಮನೆ ಮಾಡಿದರೆ ಶಿಫ್ಟ್ ಬಸ್ಸಿನ ಹೊತ್ತಿಗೆ ಬದುಕು ಕಟ್ಟಿಹಾಕಿದಂತೆ. ನೌಕಾನೆಲೆಯ ಕೆಲಸಕ್ಕೆ ಬಿಣಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಹತ್ತಿರ. ಆದರೆ ಚೆಂಡಿಯಾ, ಅರಗಾದ ತಗ್ಗು ಭಾಗಗಳಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ, ಅದನ್ನು ಕೇಳಿಕೊಳ್ಳದೆ ಮುಂದುವರಿಯಬೇಡಿ. ಕಚೇರಿ, ಆಸ್ಪತ್ರೆಯವರಿಗೆ ಹಬ್ಬುವಾಡ, ಕಾಜುಬಾಗ, ಕೋಡಿಬಾಗ, ನಂದನಗದ್ದಾ, ಸುಂಕೇರಿ. ರೈಲು ನಿಲ್ದಾಣ ಇರುವುದು ಊರ ಹೊರಗೆ ಶಿರವಾಡದಲ್ಲಿ. 'ಕಾರವಾರ ಸ್ಟೇಷನ್ ಹತ್ತಿರ' ಎಂದು ಯಾರಾದರೂ ಹೇಳಿದರೆ ಬಸ್ ಸ್ಟ್ಯಾಂಡೋ ರೈಲ್ವೆ ಸ್ಟೇಷನ್ನೋ ಎಂದು ಕೇಳಿ. ನನ್ನ ಗೆಳೆಯನೊಬ್ಬ ಕೇಳದೆ ಶಿರವಾಡದಲ್ಲಿ ಮನೆ ಹಿಡಿದು, ದಿನಾ ರಿಕ್ಷಾಕ್ಕೆ ಸುರಿದ ದುಡ್ಡಿನಲ್ಲಿ ಒಂದು ಸ್ಕೂಟರ್ ಬರುತ್ತಿತ್ತು.

ಕಾಳಿ ಹೊಳೆಯ ಆಚೆ ಸದಾಶಿವಗಡ, ಚಿತ್ತಾಕುಲದ ಕಡೆ ಮನೆ ಸ್ವಲ್ಪ ವಿಶಾಲ, ಗೋವಾಕ್ಕೂ ಹತ್ತಿರ. ಆದರೆ ಊರಿಗೆ ಬರಲು ಸೇತುವೆಯನ್ನೇ ನಂಬಬೇಕು. ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಹೊಳೆಗೆ ಬಿದ್ದದ್ದು ನೆನಪಿರಬಹುದು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ದಕ್ಷಿಣದ ದಾರಿಯೂ ಬಂದ್ ಆಗಿತ್ತು. ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆದರೆ ಸಾಲದು.

ಮನೆ ಸಿಗುವುದು ಎಲ್ಲಿ

ಮೊಬೈಲ್ ಆ್ಯಪ್‌ಗಳಲ್ಲಿ ಕಾರವಾರದ ಮನೆಗಳು ಬೆರಳೆಣಿಕೆಯಷ್ಟು, ಅದರಲ್ಲೂ ಅರ್ಧ ಯಾವತ್ತೋ ಭರ್ತಿಯಾದವು. ಇಲ್ಲಿ ಮನೆ ಸಿಗುವುದು ಬಾಯಿಂದ ಬಾಯಿಗೆ. ನೀವು ಇರಬೇಕೆಂದ ಬೀದಿಯ ಕಿರಾಣಿ ಅಂಗಡಿ, ಇಸ್ತ್ರಿಯವರು, ಹಾಲು ಹಾಕುವವರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಇವರಿಗೆ ಯಾವ ಮನೆ ಖಾಲಿಯಾಗಲಿದೆ ಎಂಬುದು ಮಾಲೀಕರಿಗಿಂತ ಮೊದಲೇ ತಿಳಿದಿರುತ್ತದೆ. ಭಾನುವಾರದ ಸಂತೆಗೆ ಹೋದಾಗ ತರಕಾರಿ ಮಾರುವವರ ಬಳಿ ಕೇಳಿದರೂ ನಷ್ಟವಿಲ್ಲ. "ಭಾಡ್ಯಾಕ ಘರ ಆಸಾ?" ಎಂದು ಮುರುಕು ಕೊಂಕಣಿಯಲ್ಲಿ ಕೇಳಿ. ತಪ್ಪಾಗಿ ಕೇಳಿದರೂ ಪರವಾಗಿಲ್ಲ, ನಗುತ್ತ ಎರಡು ಮನೆ ಹೆಚ್ಚು ತೋರಿಸುತ್ತಾರೆ.

ಏಜೆಂಟರು ಇದ್ದಾರೆ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಎಂಬುದನ್ನು ಮೊದಲ ಮನೆ ನೋಡುವ ಮುಂಚೆಯೇ ಮಾತಾಡಿಕೊಳ್ಳಿ. 'ಮನೆ ತೋರಿಸುವ ಫೀ' ಎಂದು ಮುಂಗಡ ಕೇಳುವವರ ಹಿಂದೆ ಹೋಗಬೇಡಿ. ಮಿಲಿಟರಿ ಅಧಿಕಾರಿ ಎಂದು ಹೇಳಿಕೊಂಡು, ವರ್ಗವಾಗಿದೆ, ಟೋಕನ್ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತೇನೆ ಎನ್ನುವ ಫೋನ್ ಬಂದರೆ ಅದು ಶುದ್ಧ ಮೋಸ. ನೌಕಾನೆಲೆಯ ಊರಾದ್ದರಿಂದ ಜನ ಸುಲಭವಾಗಿ ನಂಬಿಬಿಡುತ್ತಾರೆ.

ಇನ್ನೊಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. "ನೀವು ಯಾವ ಜನ?", "ಮೀನು ತಿನ್ತೀರಾ?", "ಫ್ಯಾಮಿಲಿಯಾ, ಬ್ಯಾಚುಲರಾ?" ಈ ಮೂರು ಪ್ರಶ್ನೆ ಬಂದೇ ಬರುತ್ತವೆ. ಕಾರವಾರದಲ್ಲಿ ಮೀನಿನ ಪ್ರಶ್ನೆ ಅಷ್ಟು ಕಠಿಣವಲ್ಲ, ಘಟ್ಟ ಹತ್ತಿದರೆ ಕಠಿಣ. ಮೊದಲನೆಯ ಪ್ರಶ್ನೆಗೆ ಉತ್ತರಿಸದೆ "ನಾನು ಇಂಥ ಕಡೆ ಕೆಲಸ ಮಾಡ್ತೇನೆ" ಎಂದಷ್ಟೇ ಹೇಳಿ ಎದ್ದುಬಂದದ್ದೂ ಉಂಟು. ಅಂಥ ಮನೆಯಲ್ಲಿ ಹನ್ನೊಂದು ತಿಂಗಳು ಕಳೆಯುವುದಕ್ಕಿಂತ ಹನ್ನೊಂದು ದಿನ ಹೆಚ್ಚು ಹುಡುಕುವುದು ವಾಸಿ.

ಮನೆಯೊಳಗೆ ಕಾಲಿಟ್ಟಾಗ

ಮಳೆಯಲ್ಲಿ ನೋಡಿದರೆ ಕಣ್ಣಿಗೇ ಎಲ್ಲ ಕಾಣುತ್ತದೆ. ಬೇಸಿಗೆಯಲ್ಲಿ ನೋಡುವವರು ಪತ್ತೇದಾರಿ ಮಾಡಬೇಕು.

ಹೊಸ ಬಣ್ಣ ಕಂಡರೆ ಅನುಮಾನ ಪಡಿ. ಕಪಾಟಿನ ಹಿಂದೆ, ಸಿಂಕಿನ ಕೆಳಗೆ, ಕಿಟಕಿಯ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ ನೋಡಿ. ಗೋಡೆಗೆ ಅಂಗೈ ಒತ್ತಿ ಹಿಡಿಯಿರಿ, ಪುಡಿ ಉಪ್ಪಿನಂತೆ ಉದುರಿದರೆ ಕೆಳಗಿನಿಂದ ತೇವ ಏರುತ್ತಿದೆ. ಹಳೆಯ ಚಿರೆಕಲ್ಲಿನ ಮನೆಗಳಲ್ಲಿ ಅಡಿಪಾಯದಿಂದ ನೀರು ಹೀರುವುದು ಸಾಮಾನ್ಯ. ಆದರೆ ಅವು ಉಸಿರಾಡುತ್ತವೆ, ಗಿಲಾವು ಇಲ್ಲದಿದ್ದರೆ ಬೇಗ ಒಣಗುತ್ತವೆ. ಹೆಂಚಿನ ಮಾಡಿನ ಹಳೆ ಮನೆಯನ್ನು ಹಳತು ಎಂದು ಬಿಡಬೇಡಿ. ತಾರಸಿ ಮನೆಯಾದರೆ ಮೇಲೆ ಶೀಟು ಹೊದಿಸಿದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಬೋಳು ತಾರಸಿ ಎಂದರೆ ಸೋರುವ ತಾರಸಿ. ಶೀಟು ಇದ್ದರೆ ಬಟ್ಟೆ ಒಣಗಿಸಲೂ ಜಾಗವಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಂದು ಕೋಣೆಗೆ ಸಮ.

ಪಶ್ಚಿಮದ ಕಿಟಕಿಗೆ ಸಜ್ಜಾ ಎಷ್ಟು ಹೊರಚಾಚಿದೆ ನೋಡಿ. ಒಂದೂವರೆ ಅಡಿ ಸಾಲದು. ಮೀಟರ್ ಬೋರ್ಡಿನ ಸ್ಕ್ರೂಗಳು, ಕಿಟಕಿಯ ಸರಳುಗಳು, ಗೇಟಿನ ಕೀಲು ಎಷ್ಟು ತುಕ್ಕು ಹಿಡಿದಿವೆ ಎಂಬುದು ಸಮುದ್ರದ ಉಪ್ಪುಗಾಳಿ ಎಷ್ಟು ನೇರವಾಗಿ ಹೊಡೆಯುತ್ತದೆ ಎನ್ನುವುದಕ್ಕೆ ಸಾಕ್ಷಿ. ಅಂಥ ಮನೆಯಲ್ಲಿ ನಿಮ್ಮ ಫ್ರಿಜ್ಜು, ವಾಷಿಂಗ್ ಮೆಷಿನ್ನಿಗೂ ಅದೇ ಗತಿ.

ನೀರಿನದ್ದು ಬೇರೆಯೇ ಕತೆ. ನಗರಕ್ಕೆ ಗಂಗಾವಳಿ ನದಿಯ ನೀರು ಬರುತ್ತದೆ. ನಲ್ಲಿ ದಿನ ಬಿಟ್ಟು ದಿನವೋ, ಎಷ್ಟು ಹೊತ್ತೋ, ಪಕ್ಕದ ಮನೆಯಲ್ಲಿ ವಿಚಾರಿಸಿ, ಮಾಲೀಕರ ಬಳಿ ಅಲ್ಲ. ಹೆಚ್ಚಿನ ಮನೆಗಳಿಗೆ ಬಾವಿ ಇದೆ. ಕಾಳಿಯ ಅಳಿವೆಗೆ ಹತ್ತಿರದ ಬಾವಿಗಳು ಏಪ್ರಿಲ್-ಮೇನಲ್ಲಿ ಸವುಳಾಗುತ್ತವೆ, ಅದಕ್ಕೇ ಮೇ ತಿಂಗಳ ಭೇಟಿ. ಕೊಡದಲ್ಲಿ ಎತ್ತಿಸಿ ಬಾಯಿಗೆ ಹಾಕಿಕೊಳ್ಳಿ, ಚಹಾ ಮಾಡಿದರೆ ಹಾಲು ಒಡೆಯುತ್ತದೆಯೇ ಕೇಳಿ. ಬಾವಿಗೂ ಸೆಪ್ಟಿಕ್ ಟ್ಯಾಂಕಿಗೂ ಐವತ್ತು ಅಡಿಯಾದರೂ ಅಂತರ ಇರಲಿ. ಸಣ್ಣ ಸೈಟುಗಳಲ್ಲಿ ನಿಮ್ಮ ಟ್ಯಾಂಕು ದೂರವಿದ್ದರೂ ಬೇಲಿಯಾಚೆ ನೆರೆಯವರದು ಹತ್ತಿರ ಇರುತ್ತದೆ, ಅದನ್ನೂ ಇಣುಕಿ ನೋಡಿ.

ಕರಾರು

ಬಾಡಿಗೆ ಎಷ್ಟು ನ್ಯಾಯ ಎಂದು ತಿಳಿಯಲು ಅದೇ ಬೀದಿಯ ಮೂವರು ಬಾಡಿಗೆದಾರರನ್ನು ಕೇಳಿ. ಮಾಲೀಕರನ್ನಲ್ಲ, ಏಜೆಂಟರನ್ನಲ್ಲ. ಮೂರರಲ್ಲಿ ನಡುವಿನ ಮೊತ್ತ ನಿಮ್ಮ ಚೌಕಾಸಿಯ ಮೇಲ್ಮಿತಿ.

ಹನ್ನೊಂದು ತಿಂಗಳ ಕರಾರು ಯಾಕೆಂದರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಛಾಪಾ ಕಾಗದದ ಮೇಲೆ ಬರೆಸುವಾಗ ನಾಲ್ಕು ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ: ಡಿಪಾಸಿಟ್ ಎಷ್ಟು ದಿನದೊಳಗೆ ವಾಪಸ್, ಬಿಡುವಾಗ ಬಣ್ಣದ ಖರ್ಚು ಯಾರದು, ಮಳೆಗಾಲದಲ್ಲಿ ಸೋರಿದರೆ ಎಷ್ಟು ದಿನದಲ್ಲಿ ರಿಪೇರಿ, ಹಾಗೂ ನಡುವೆ ವರ್ಗವಾದರೆ ಎಷ್ಟು ದಿನದ ನೋಟಿಸ್. ಸೋರುವಿಕೆಯ ಮಾತು ಕೇಳಿದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. ಆ ಮುಖವೇ ಉತ್ತರ.

ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಪಡೆಯುವವರು ಗಮನಿಸಿ: ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರ್ ಬೇಕು. ಬಹಳ ಮಾಲೀಕರು ಮಾರ್ಚ್ ಬಂದಾಗ "ಅದೆಲ್ಲ ಬೇಡ" ಎನ್ನುತ್ತಾರೆ. ಕರಾರಿಗೆ ಸಹಿ ಮಾಡುವ ದಿನವೇ ಬರೆಸಿಕೊಳ್ಳಿ. ಹೆಸ್ಕಾಂ ಮೀಟರಿನ ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರರ ಗೃಹಜ್ಯೋತಿ ಜೋಡಣೆ ಹಾಗೇ ಉಳಿದಿದ್ದರೆ ನಿಮ್ಮ ಅರ್ಜಿ ಹೋಗುವುದಿಲ್ಲ. ಅವರು ಊರು ಬಿಡುವ ಮುಂಚೆ ಅದನ್ನು ತೆಗೆಸಿ ಎಂದು ಮಾಲೀಕರಿಗೆ ಹೇಳಿ.

ಕೊಳ್ಳುವುದಾದರೆ

ಇಲ್ಲಿ ನಿಧಾನಿಸಬೇಕು. ಉತ್ತರ ಕನ್ನಡದಲ್ಲಿ ಜಾಗ ಎಂದರೆ ಬರೀ ಜಾಗವಲ್ಲ. ಅದರ ಹಿಂದೆ ಅರಣ್ಯ, ಗೇಣಿ, ಸಮುದ್ರ, ಮುಂಬೈಯಲ್ಲಿರುವ ಅಣ್ಣತಮ್ಮಂದಿರು ಎಲ್ಲರೂ ನಿಂತಿರುತ್ತಾರೆ.

ಮೊದಲು ಅತಿಕ್ರಮಣದ ವಿಷಯ. ಜಿಲ್ಲೆಯ ಬಹುಪಾಲು ಭೂಮಿ ಅರಣ್ಯ. ತಲೆಮಾರುಗಳಿಂದ ಮನೆ ಕಟ್ಟಿಕೊಂಡು, ವಿದ್ಯುತ್ ಬಿಲ್ಲು, ಮನೆ ನಂಬರು ಎಲ್ಲ ಇದ್ದರೂ ಪಹಣಿಯಲ್ಲಿ ಅರಣ್ಯವೆಂದೇ ಇರುವ ಜಾಗಗಳಿವೆ. 'ಪಟ್ಟಾ ಸಿಕ್ಕಿದೆ' ಎಂದು ತೋರಿಸಿದರೂ ಅದು 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರವಾದರೆ ಮಕ್ಕಳಿಗೆ ದಾಟಿಸಬಹುದೇ ಹೊರತು ಮಾರುವಂತಿಲ್ಲ. ಅಗ್ಗ ಎಂದು ಕೊಂಡವರು ಕೊಂಡಿದ್ದು ಬರೀ ಗೋಡೆ.

ಎರಡನೆಯದು ಸಮುದ್ರ. ಭರತ (ಉಬ್ಬರ) ಏರುವ ಗೆರೆಯಿಂದ 500 ಮೀಟರಿನವರೆಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಉಪ್ಪುನೀರು ಏರುವ ಹೊಳೆಯ ದಡಕ್ಕೂ ಅದು ಅನ್ವಯ, ಅಂದರೆ ಕೋಡಿಬಾಗ, ಸುಂಕೇರಿ ಕಡೆ ಕಾಳಿಯ ಅಂಚಿನ ಸೈಟುಗಳಿಗೂ. ಇರುವ ಮನೆ ಕೊಳ್ಳುವುದಕ್ಕೆ ಅಡ್ಡಿ ಇಲ್ಲದಿರಬಹುದು, ನಾಳೆ ಅದರ ಮೇಲೆ ಮಹಡಿ ಏರಿಸಲು ಪರವಾನಗಿ ಸಿಗದೇ ಹೋಗಬಹುದು. ನೌಕಾನೆಲೆಯ ಸುತ್ತಲೂ ಕಟ್ಟಡಕ್ಕೆ ನಿರ್ಬಂಧಗಳಿವೆ. ನಗರಸಭೆಯಲ್ಲೋ ಪಂಚಾಯ್ತಿಯಲ್ಲೋ ಮೊದಲೇ ಕೇಳಿ.

ಮೂರನೆಯದು ನೀರು ಮತ್ತು ಗುಡ್ಡ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದವು. ಹೊಳೆ ಬದಿಯ ಮನೆಯಾದರೆ ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಎಂದು ನೆರೆಯವರನ್ನು ಕೇಳಿ, ಗೋಡೆಯಲ್ಲಿ ತೋರಿಸುತ್ತಾರೆ. ಗದ್ದೆ, ಗಜನಿಗೆ (ಉಪ್ಪುನೀರಿನ ತಗ್ಗು ಗದ್ದೆಗೆ) ಕೆಂಪುಮಣ್ಣು ಹೊಡೆದು ಮಾಡಿದ ಸೈಟು ಸುತ್ತಲಿನ ರಸ್ತೆಗಿಂತ ಎಷ್ಟು ಎತ್ತರ ನೋಡಿ, ಹಳೆಯ ನೀರುದಾರಿ ಮುಚ್ಚಿದ್ದರೆ ಅದು ಮಳೆಗಾಲದಲ್ಲಿ ತನ್ನ ದಾರಿ ಕೇಳುತ್ತದೆ. ಗುಡ್ಡ ಕೊರೆದು ಮಾಡಿದ ಸಮತಟ್ಟು ಇನ್ನೂ ಅಪಾಯ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಜೀವ ಕಳೆದುಕೊಂಡದ್ದು ಈ ತಾಲ್ಲೂಕಿನಲ್ಲೇ. ಹಿಂದೆ ಕಡಿದಾದ ಮಣ್ಣಿನ ಗೋಡೆ ಇರುವ ಮನೆಯನ್ನು ನಾನಂತೂ ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತೇನೆ.

ಈಗ ಕಾಗದ. ಸರ್ವೆ ನಂಬರ್ ಕೇಳಿಕೊಂಡು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಜಾಗದ ಮೇಲೆ ನಿಂತು ನೋಡಿ. ತೋರಿಸುವ ಜಾಗವೂ ಹೇಳುವ ನಂಬರೂ ಒಂದೇನಾ ಎಂಬುದು ಐದು ನಿಮಿಷದಲ್ಲಿ ಅಂದಾಜಾಗುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ, ಹಕ್ಕು, ತಕರಾರು. ಕಾರವಾರದ ಪಹಣಿಗಳಲ್ಲಿ 9ನೇ ಕಾಲಂ ಒಂದು ಸಣ್ಣ ಜಾತ್ರೆಯಂತೆ ಇರುತ್ತದೆ. ಗೇಣಿಯಿಂದ ಬಂದ ಅಜ್ಜನ ಭೂಮಿ, ಅಜ್ಜನ ಆರು ಮಕ್ಕಳು, ಅವರಲ್ಲಿ ಇಬ್ಬರು ಮುಂಬೈ, ಒಬ್ಬರು ಗೋವಾ, ತೀರಿಹೋದ ಒಬ್ಬರ ಮಕ್ಕಳು ಯಾರಿಗೂ ಗೊತ್ತಿಲ್ಲದ ಊರು. ಊರಲ್ಲಿರುವ ಒಬ್ಬರು "ಎಲ್ಲರದ್ದೂ ಒಪ್ಪಿಗೆ ಉಂಟು" ಎನ್ನುತ್ತಾರೆ. ಒಪ್ಪಿಗೆ ಸಾಲದು, ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಜಿಪಿಎ (ಅಧಿಕಾರ ಪತ್ರ) ಮೇಲೆ ಮನೆ ಕೊಡುತ್ತೇವೆ ಎಂದರೆ ಎದ್ದುಬನ್ನಿ, ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಬರೆದ ಸರ್ವೆ ನಕ್ಷೆ) ಬೇಕು. ಕೃಷಿ ಭೂಮಿಯಾಗಿದ್ದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಆಗಿರಬೇಕು, 'ಆಗ್ತದೆ' ಎಂಬುದು ಲೆಕ್ಕಕ್ಕಿಲ್ಲ. ನಗರಸಭೆಯ ವ್ಯಾಪ್ತಿಯಲ್ಲಿ ಇ-ಖಾತಾ ಬೇಕು; ಶಿರವಾಡ, ಅಮದಳ್ಳಿ, ಚಿತ್ತಾಕುಲದಂಥ ಪಂಚಾಯ್ತಿಗಳಲ್ಲಿ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ನಮೂನೆ 9 ಮತ್ತು 11ಎ. ಕೈಗೆ 11ಬಿ ಇಟ್ಟರೆ ಅದು ಕ್ರಮಬದ್ಧವಲ್ಲದ ಆಸ್ತಿ, ಬ್ಯಾಂಕು ಸಾಲ ಕೊಡುವಾಗ ಮುಖ ತಿರುಗಿಸುತ್ತದೆ. ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಪುಸ್ತಕ ತೆಗೆಸಿ ನೋಡಬೇಕು. ವಕೀಲರು ಮೂವತ್ತು ವರ್ಷ ಕೇಳುವುದು ಅದಕ್ಕೇ. ಸಾಲ ಬೇಡದವರೂ ಒಂದು ಉಪಾಯ ಮಾಡಬಹುದು: ಸಣ್ಣ ಮೊತ್ತಕ್ಕಾದರೂ ಗೃಹಸಾಲಕ್ಕೆ ಅರ್ಜಿ ಹಾಕಿ. ಬ್ಯಾಂಕಿನ ವಕೀಲರ ಕಣ್ಣು ನಿಮ್ಮದಕ್ಕಿಂತ ಅನುಮಾನದ್ದು.

ಫ್ಲ್ಯಾಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ನೋಡಿ (500 ಚದರ ಮೀಟರ್ ಅಥವಾ ಎಂಟು ಮನೆ ಮೀರಿದ ಹೊಸ ಯೋಜನೆಗೆ ಅದು ಕಡ್ಡಾಯ), ಜಾಗದಲ್ಲಿ ನಿಮ್ಮ ಪಾಲೆಷ್ಟು ನೋಡಿ, ಆಮೇಲೆ ಕೆಳಗಿನ ಪಾರ್ಕಿಂಗಿಗೆ ಹೋಗಿ ಕಂಬಗಳನ್ನು ನೋಡಿ. ಉಪ್ಪಿನಂಶದ ರೇತಿಯಲ್ಲಿ ಕಟ್ಟಿದ ಕಟ್ಟಡದ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಹತ್ತು ವರ್ಷದ ಕಟ್ಟಡದಲ್ಲೇ ಉದ್ದುದ್ದ ಬಿರುಕಿದ್ದರೆ ಮೇಲಿನ ಮಾರ್ಬಲ್ಲಿಗೆ ಮರುಳಾಗಬೇಡಿ.

ನೋಂದಣಿ, ಆಮೇಲೆ

ದರ ಮಾತಾಡುವಾಗ ಗುಂಟೆಯೋ ಚದರಡಿಯೋ ಸ್ಪಷ್ಟ ಮಾಡಿಕೊಳ್ಳಿ, ಒಂದು ಗುಂಟೆಗೆ 1,089 ಚದರಡಿ. ನಗರದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಅಂದರೆ 30 ಲಕ್ಷದ ಮನೆಗೆ 2.28 ಲಕ್ಷ ಬೇರೆ ಎತ್ತಿಡಬೇಕು. ಬಹಳ ಜನ ಇದನ್ನು ಮರೆತು ಕೊನೇ ವಾರ ಬಂಗಾರ ಅಡವಿಡುತ್ತಾರೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಅರ್ಧ ನಗದು ಕೊಡಿ ಎನ್ನುವವರಿಗೆ ಒಪ್ಪಿದರೆ, ನಾಳೆ ವ್ಯವಹಾರ ಮುರಿದಾಗ ಆ ಅರ್ಧಕ್ಕೆ ಸಾಕ್ಷಿ ಇರುವುದಿಲ್ಲ.

ನೋಂದಣಿಯಾದ ದಿನ ಸಿಹಿ ಹಂಚಿ ಸುಮ್ಮನಾಗಬೇಡಿ. ಪಹಣಿ ಇದ್ದರೆ ಮ್ಯುಟೇಶನ್ ಆಗಿ ನಿಮ್ಮ ಹೆಸರು ಬಂದಿದೆಯೇ ನೋಡಿ, ಖಾತಾ ಬದಲಾಯಿಸಿ, ಹೆಸ್ಕಾಂ ಮೀಟರು, ನೀರಿನ ಕನೆಕ್ಷನ್ ಹೆಸರಿಗೆ ಮಾಡಿಸಿಕೊಳ್ಳಿ. ತಾರಸಿಗೆ ಶೀಟು ಹೊದಿಸುವುದಿದ್ದರೆ ಮಾರ್ಚ್ ತಿಂಗಳಲ್ಲೇ ಫ್ಯಾಬ್ರಿಕೇಶನ್‌ನವರಿಗೆ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ಮೇ ಇಪ್ಪತ್ತರ ನಂತರ ಅವರು ಯಾರ ಫೋನನ್ನೂ ಎತ್ತುವುದಿಲ್ಲ.